ಆಲೆಮನೆಯ ಮೌನಿ

ಆ ದನಿ ಕೊಪ್ಪರಿಗೆಯದೋ, ಮನುಷ್ಯನದೋ?

ಬಾವಿಕಟ್ಟೆಯ ಹಿಂದೆ ನಿಂತು ನನ್ನನ್ನೇ ಕೇಳಿಕೊಳ್ಳುತ್ತಿದ್ದೆ. ಗಾಳಿ ಬೀಸಿದರೆ ಆ ಹಳೆಯ ಕೊಪ್ಪರಿಗೆ ತನ್ನಷ್ಟಕ್ಕೆ ತಾನೇ ಗುಂಯ್‌ಗುಡುವುದಿತ್ತು. ಆದರೆ ಆ ಬೆಳಗಿನ ಜಾವ ಹುಣಿಸೆಮರದ ಒಂದು ಎಲೆಯೂ ಅಲುಗುತ್ತಿರಲಿಲ್ಲ. ಮನುಷ್ಯನ ದನಿಯೇ ಆಗಿದ್ದರೆ, ಅಂಗಳದಲ್ಲಿದ್ದ ಮನುಷ್ಯರು ಒಬ್ಬರೇ. ಕೊಪ್ಪರಿಗೆಯ ಅಂಚನ್ನು ಎರಡೂ ಕೈಗಳಲ್ಲಿ ಹಿಡಿದು, ಮುಖವನ್ನು ಅದರೊಳಕ್ಕೆ ಇಳಿಬಿಟ್ಟು, ನೀರು ಕುಡಿಯಲು ಬಾಗಿದ ಎತ್ತಿನಂತೆ ಅವರು ನಿಂತಿದ್ದರು. ಕೊಪ್ಪರಿಗೆಯಲ್ಲಿ ನೀರಿರಲಿಲ್ಲ. ಅವರು ಮಾತು ಬಿಟ್ಟವರು. ಹಾಗಾದರೆ ನಾನು ಕೇಳಿದ್ದೇನು? ಒಣಗಿದ ತೊಗಟೆಯನ್ನು ತೊಗಟೆಯಿಂದ ಉಜ್ಜಿದಂಥ ಆ ಸದ್ದು ಯಾರದು? ನಾನು ಕೇಳಿದ್ದು ನಿಜವಾದರೆ, ಇಷ್ಟು ದಿನ ನಾವೆಲ್ಲ ಕೈಮುಗಿದದ್ದು ಯಾವುದಕ್ಕೆ?

ಇನ್ನೊಮ್ಮೆ ಕೇಳಿಸಲಿ ಎಂದು ಕಾದೆ. ಕೇಳಿಸಲಿಲ್ಲ. ಅವರು ತಲೆಯೆತ್ತಿ, ಕುತ್ತಿಗೆಯ ಹಸಿರು ಮಫ್ಲರನ್ನು ಬಿಗಿಮಾಡಿಕೊಂಡು, ಮಣ್ಣು ಹದಮಾಡುವ ಚಪ್ಪರದ ಕಡೆಗೆ ನಡೆದುಬಿಟ್ಟರು.

ಆ ಊರಿನ ಕೊನೆಯಲ್ಲಿ, ರಸ್ತೆ ಮುಗಿದು ಕೆರೆಯ ಏರಿ ಶುರುವಾಗುವಲ್ಲಿ ಒಂದು ಆಲೆಮನೆ ಇತ್ತು. ಊರವರು ಕಬ್ಬು ಬೆಳೆಯುವುದನ್ನು ಬಿಟ್ಟಮೇಲೆ ಗಾಣ ಹೋಯಿತು, ಎತ್ತುಗಳು ಹೋದವು, ಬೆಲ್ಲದ ಅಚ್ಚುಗಳು ಯಾರ ಯಾರ ಮನೆಯ ಅಟ್ಟವನ್ನೋ ಸೇರಿದವು. ಕಬ್ಬಿನ ಹಾಲು ಕಾಯಿಸುವ ಕೊಪ್ಪರಿಗೆ ಮಾತ್ರ ಉಳಿಯಿತು. ಅದನ್ನು ಒಲೆಯ ಮೇಲೆ ಕೂರಿಸಿದ ಮೇಲೆ ಸುತ್ತ ಗೋಡೆ ಎಬ್ಬಿಸಿದ್ದರಂತೆ. ಬಾಗಿಲಲ್ಲಿ ಅದು ಹೊರಗೆ ಬರುವಂತಿರಲಿಲ್ಲ. ಮುಂದೆ ಗೋಡೆ ಬಿದ್ದು ಆ ಜಾಗ ಅಂಗಳವಾದರೂ ಕೊಪ್ಪರಿಗೆ ತನ್ನ ಒಲೆಯ ಮೇಲೆ ಹಾಗೆಯೇ, ಆಕಾಶಕ್ಕೆ ಬಾಯಿ ತೆರೆದುಕೊಂಡು ಕೂತಿತ್ತು.

ಆಲೆಮನೆ ನೀಲಾಂಬಿಕೆಯವರ ಸೋದರಮಾವನದು. ಎಲ್ಲರಿಗೂ ಅವರು ನೀಲಕ್ಕ. ಶಿಕ್ಷಕರ ತರಬೇತಿ ಶಾಲೆಯಲ್ಲಿ ಚಿತ್ರಕಲೆ ಕಲಿಸುತ್ತಿದ್ದವರು ಕೆಲಸ ಬಿಟ್ಟುಬಂದು ಇಲ್ಲಿ ಒಂದು ಕಲಾಕೇಂದ್ರ ತೆರೆದಿದ್ದರು. ಚಿತ್ರ ಬರೆಯುವವರು, ಮಣ್ಣಿನ ಕೆಲಸದವರು, ನೇಯುವವರು, ನನ್ನಂತೆ ಏನು ಮಾಡಬೇಕೆಂದು ತಿಳಿಯದವರು, ಬಂದು ಇದ್ದು ಹೋಗುತ್ತಿದ್ದರು. ಊರವರು ಅದನ್ನು ಬಣ್ಣದ ಮಠ ಎನ್ನುತ್ತಿದ್ದರು. ಅಡುಗೆಯ ಚೌಡಮ್ಮನಿಗೆ ಆ ಹೆಸರಿನ ಮೇಲೆ ಸಿಟ್ಟು. "ಮಠ ಅಂದ್ರೆ ಒಂದ್ ಗಂಟೆ ಬ್ಯಾಡ್ವಾ, ಜಾಗಟೆ ಬ್ಯಾಡ್ವಾ? ಇಲ್ಲಿ ಪೂಜೆ ಇಲ್ಲ, ಪ್ರಸಾದ ಇಲ್ಲ. ಬಟ್ಟೆಗೆಲ್ಲ ಬಣ್ಣ ಬಳ್ಕೊಳೋದು, ನನ್ ಕೈಲಿ ಸೋಪು ಕೇಳೋದು," ಎಂದು ಗೊಣಗುತ್ತಿದ್ದಳು.

ನೀಲಕ್ಕನ ನಿಯಮಗಳು ಎರಡೇ. ಬಂದವರ ಹೆಸರು, ಊರು, ಕುಲ ಯಾವುದನ್ನೂ ಅವರಾಗಿ ಹೇಳದೆ ಯಾರೂ ಕೇಳಬಾರದು. ಇನ್ನೊಂದು, ಬೆಳಗಿನ ಹೊತ್ತು ಮಾತಿಲ್ಲ. ಬೆಳಕು ಹರಿದಾಗಿನಿಂದ ಯಾರಾದರೂ ಕೊಪ್ಪರಿಗೆ ಬಡಿಯುವವರೆಗೆ ಎಲ್ಲರೂ ಸುಮ್ಮನೆ ಕೆಲಸ ಮಾಡಬೇಕು. ಬಡಿಯಲು ಒಂದು ಮರದ ಕೊಡತಿಯನ್ನು ಪಕ್ಕದಲ್ಲೇ ಇಟ್ಟಿದ್ದರು. ಯಾರು ಬೇಕಾದರೂ ಬಡಿಯಬಹುದು, ಆದರೆ ಬಡಿದವರು ಏನನ್ನಾದರೂ ಹೇಳಬೇಕು ಅಥವಾ ಹಾಡಬೇಕು. ಉಳಿದವರು ಕೈಯ ಕೆಲಸ ಬಿಟ್ಟು ಬಂದು ಕೇಳಬೇಕು. ಹೇಳುವುದಕ್ಕೆ ತಕ್ಕ ಮಾತು ತಮ್ಮ ಬಳಿ ಇದೆ ಎಂದು ನಂಬುವುದು ಎಷ್ಟು ಕಷ್ಟ ಎಂಬುದು ಅಲ್ಲಿ ಎಲ್ಲರಿಗೂ ಬೇಗ ತಿಳಿಯುತ್ತಿತ್ತು. ಎಷ್ಟೋ ದಿನ ಹಸಿವು ತಡೆಯಲಾರದೆ ಶ್ರೀಪತಿಯೇ ಎದ್ದು ಬಡಿದು, "ಉಪ್ಪಿಟ್ಟು ಆರ್ತಾ ಇದೆ," ಎಂದು ಹೇಳಿ ಮೌನ ಮುರಿಯುತ್ತಿದ್ದ. ಶ್ರೀಪತಿ ಚಿತ್ರಕಾರ, ನನಗಿಂತ ಸ್ವಲ್ಪ ದೊಡ್ಡವನು, ಯಾವುದನ್ನೂ ಗೇಲಿ ಮಾಡದೆ ಬಿಡದವನು.

ಒಂದು ಸಲ ನಾನು ನೀಲಕ್ಕನನ್ನು ಈ ಮೌನ ಯಾಕೆ ಎಂದು ಕೇಳಿದ್ದೆ. ಅವರು ಕುಂಚ ತೊಳೆಯುತ್ತ, "ದೇವರ ಹತ್ರ ಮಾತಾಡೋಕೆ ನಂಗೆ ಬರಲ್ಲಪ್ಪ. ಅಜ್ಜಿ ಹೇಳಿಕೊಟ್ಟಿದ್ದೆಲ್ಲ ಮರ್ತುಹೋಯ್ತು. ಗೆರೆ ಎಳೆಯೋವಾಗ ಮಾತ್ರ ಯಾರೋ ಪಕ್ಕದಲ್ಲಿ ಕೂತು ನೋಡ್ತಿದಾರೆ ಅನ್ಸುತ್ತೆ. ಆಗ ಗದ್ದಲ ಇದ್ರೆ ಅವರು ಎದ್ದು ಹೋಗ್ಬಿಡ್ತಾರೆ," ಎಂದರು. ಆಮೇಲೆ ತಮ್ಮ ಮಾತಿಗೆ ತಾವೇ ನಾಚಿದವರಂತೆ, "ಹೋಗು, ಚೌಡಮ್ಮಂಗೆ ಸೌದೆ ಬೇಕಂತೆ," ಎಂದು ಎಬ್ಬಿಸಿದರು.

ನಾನು ಪದವಿ ಮುಗಿಸಿ ಅಲ್ಲಿಗೆ ಹೋಗಿದ್ದೆ. ಅಪ್ಪ ನೋಡಿಟ್ಟಿದ್ದ ಶಾಲೆಯ ಕೆಲಸಕ್ಕೆ ಹೋಗಲಾರೆ ಎಂದಿದ್ದೆ, ಯಾಕೆಂದು ಹೇಳಿರಲಿಲ್ಲ. ನನಗೇ ಗೊತ್ತಿರಲಿಲ್ಲ. ಏನೋ ದೊಡ್ಡದೊಂದು ನನ್ನೊಳಗೆ ಕಾದಿದೆ, ಮಾತಾಡಿದರೆ ಅದು ಹಾಳಾಗುತ್ತದೆ ಎಂಬ ಭಾವನೆ ಇತ್ತು. ಮನೆಯಲ್ಲಿ ಅಮ್ಮ ತಟ್ಟೆ ಇಟ್ಟು ಕರೆದರೂ ಉತ್ತರಿಸದೆ ಕಿಟಕಿಯ ಬಳಿ ಕೂತಿರುತ್ತಿದ್ದೆ. ಮೌನವೇ ರೂಢಿಯಾಗಿರುವ ಜಾಗವೊಂದಿದೆ ಎಂದು ತಿಳಿದಾಗ ಅದು ನನಗಾಗಿಯೇ ಇದೆ ಎನಿಸಿತು.

ಕೊಪ್ಪರಿಗೆಗೆ ಬಾಗಿ ನಿಂತಿದ್ದ ಆ ಹಿರಿಯರು ಬಂದದ್ದು ದಸರಾ ಕಳೆದ ಮೇಲೆ, ಒಂದು ಬೆಳಗ್ಗೆ. ಹೆಗಲಲ್ಲಿ ಒಂದು ಬಟ್ಟೆಯ ಚೀಲ, ಕುತ್ತಿಗೆಗೆ ಹಸಿರು ಮಫ್ಲರ್. ಅಗಲವಾದ ಹಣೆ, ದೊಡ್ಡ ಕಣ್ಣು, ಎದೆಯೂ ಭುಜವೂ ತುಂಬಿದ ಆಳು. ಮೌನದ ಹೊತ್ತಾದ್ದರಿಂದ ನೀಲಕ್ಕ ಕೈಸನ್ನೆ ಮಾಡಿ ಕೂರಿಸಿ, ಮಜ್ಜಿಗೆ ಕೊಟ್ಟರು. ಅವರು ಯಾರೂ ಮಾತಾಡದ ಆ ಅಂಗಳವನ್ನು ಬಹಳ ಹೊತ್ತು ನೋಡುತ್ತ ಕೂತಿದ್ದರು. ಕೊಪ್ಪರಿಗೆ ಬಡಿದು ಎಲ್ಲರೂ ಮಾತಿಗೆ ತೊಡಗಿದ ಮೇಲೂ ಅವರು ಬಾಯಿ ತೆರೆಯಲಿಲ್ಲ. ಆಗ ನೀಲಕ್ಕ ಹತ್ತಿರ ಹೋಗಿ ಮೆಲ್ಲಗೆ, "ಮೌನವ್ರತವೆ?" ಎಂದು ಕೇಳಿದರು.

ಅವರ ಗಂಟಲು ಒಮ್ಮೆ ಮೇಲೆ ಕೆಳಗೆ ಆಡಿತು. ನೀಲಕ್ಕನ ಮುಖವನ್ನು ದಿಟ್ಟಿಸಿದರು. ಆ ಮುಖದಲ್ಲಿ ಅವರು ಏನು ಕಂಡರೋ, ನಿಧಾನವಾಗಿ ತಲೆಯಾಡಿಸಿದರು. ನೀಲಕ್ಕ ಕೈಮುಗಿದರು. ಅಲ್ಲಿಂದ ಮುಂದೆ ಅವರು ನಮಗೆ ಮೌನಿಗಳಾದರು.

ಮಣ್ಣು ಹದಮಾಡುವ ಕೆಲಸವನ್ನು ಅವರೇ ಆರಿಸಿಕೊಂಡರು. ಯಾರೂ ಇಷ್ಟಪಡದ ಕೆಲಸ ಅದು. ಅವರು ಕೂತು ಅಂಗೈಯಿಂದ ಮಣ್ಣನ್ನು ಒತ್ತುವಾಗ, ತಿರುವುವಾಗ, ಬಡಿಯುವಾಗ ಒಂದು ಲಯವಿರುತ್ತಿತ್ತು. ಮಗ್ಗದ ಮುಂದೆ ಕೂತವರ ಕಾಲು ತಾನಾಗಿ ಅದಕ್ಕೆ ಸೇರುತ್ತಿತ್ತು. ಶ್ರೀಪತಿಯ ಕುಂಚವೂ ಅದಕ್ಕೆ ಹೆಜ್ಜೆ ಹಾಕುತ್ತಿತ್ತು. ಬಿಸಿಲು ಎಷ್ಟಿದ್ದರೂ ಅವರು ಮಫ್ಲರ್ ತೆಗೆಯುತ್ತಿರಲಿಲ್ಲ. "ನೋಡಯ್ಯ, ಚಳಿ ಬಿಸಿಲು ಎರಡನ್ನೂ ಗೆದ್ದವರು," ಎಂದು ಶ್ರೀಪತಿ ಒಂದು ದಿನ ನಕ್ಕ. ನಾನು ನಗಲಿಲ್ಲ, ನಿಜವೆಂದೇ ತಿಳಿದೆ. ಚೌಡಮ್ಮನೂ ಹಾಗೆಯೇ ತಿಳಿದಳು. "ಸಾರಿಗೆ ಉಪ್ಪೇ ಹಾಕಿರ್ಲಿಲ್ಲ ಕಣವ್ವಾ ನೀಲಕ್ಕ, ಎಲ್ಲಾರೂ ಮುಖ ಸಿಂಡರಿಸಿದ್ರು, ಅವ್ರು ಮಾತ್ರ ಒಂದ್ ಮಾತೂ ಅನ್ಲಿಲ್ಲ. ಅಂಥಾ ದೊಡ್ಡೋರು!"

ದಿನವೂ ಬೆಳಕು ಹರಿಯುತ್ತಿದ್ದಂತೆ ಅವರು ಕೊಪ್ಪರಿಗೆಗೆ ಬಾಗುತ್ತಿದ್ದರು. ಅದನ್ನು ಮೊದಲು ಕಂಡವರು ನೀಲಕ್ಕ. ಯಾವುದನ್ನೂ ಬೇಗ ಹೊಗಳದ ಅವರು ಅಂದು ನಮ್ಮನ್ನು ಕೂರಿಸಿಕೊಂಡು, "ಖಾಲಿ ಪಾತ್ರೆ ಎದುರಿಗೆ ಅಷ್ಟು ಶ್ರದ್ಧೆಯಿಂದ ತಲೆ ಬಾಗಿಸೋದನ್ನ ನಾನು ಎಲ್ಲೂ ನೋಡಿಲ್ಲ," ಎಂದರು. ಅವರು ಅದನ್ನೇ ಚಿತ್ರವಾಗಿ ಬರೆಯತೊಡಗಿದರು: ಕಪ್ಪು ಕೊಪ್ಪರಿಗೆ, ಅದರೊಳಗೆ ಮುಖ ಮುಳುಗಿಸಿದ ಒಬ್ಬ ಮನುಷ್ಯ. ಕೆಲವು ದಿನಗಳಲ್ಲೇ ನೇಯುವ ಹುಡುಗಿಯೊಬ್ಬಳು ತಾನೂ ಬಾಗಿ ನಿಂತಳು. ಬಳಿಕ ಇನ್ನೊಬ್ಬರು. ಕೊನೆಗೆ ಬೆಳಗ್ಗೆ ಕೆಲಸಕ್ಕೆ ಮೊದಲು ಕೊಪ್ಪರಿಗೆಗೆ ತಲೆ ಬಾಗಿಸುವುದು ಕೇಂದ್ರದ ಪದ್ಧತಿಯೇ ಆಯಿತು. ಒಳಗೆ ತುಕ್ಕಿನ ವಾಸನೆ, ಅಡಿಯಲ್ಲಿ ಎಂದಿನದೋ ಬೆಲ್ಲದ ಕಪ್ಪು ಕಲೆ, ಕಿವಿಯಲ್ಲಿ ಸ್ವಂತ ಉಸಿರಿನ ಸದ್ದು ಸಮುದ್ರದಂತೆ. ನಾನು ಅದರಲ್ಲಿ ಶೂನ್ಯವನ್ನು ಕಂಡೆ ಎಂದುಕೊಂಡೆ. ಶ್ರೀಪತಿ ಮಾತ್ರ, "ನಂಗೆ ಬೆಲ್ಲದ ಪಾಕ ಕಂಡ್ತಪ್ಪ. ಏನಯ್ಯಾ ಪದವೀಧರ, ನಿನ್ನ ಮೌನ ಹಣ್ಣಾಯ್ತೋ, ಇನ್ನೂ ಕಾಯೋ?" ಎಂದು ಕಾಲೆಳೆದ.

ಸುದ್ದಿ ಊರಿಗೆ ಹೋಯಿತು, ಊರಿನಿಂದ ಊರಿಗೆ ಹೋಯಿತು. ಬಣ್ಣದ ಮಠಕ್ಕೆ ಕೊನೆಗೂ ಒಬ್ಬ ಸ್ವಾಮಿ ಸಿಕ್ಕಿದ್ದರು. ಹೆಂಗಸರು ಬಾಳೆಹಣ್ಣು ಹಿಡಿದು ಬಂದು, ಪಿಸುದನಿಯಲ್ಲಿ ತಮ್ಮ ಕಷ್ಟ ಹೇಳಿಕೊಂಡು, ಅವರು ತಲೆ ಹೇಗಾಡಿಸುತ್ತಾರೆಂದು ನೋಡುತ್ತಿದ್ದರು. ಮೌನಿಗಳು ಸಂಕೋಚದಿಂದ ಮುದುಡಿ ಕೂತಿರುತ್ತಿದ್ದರು. ಬಹಳ ಒತ್ತಾಯಿಸಿದರೆ ಒಂದಿಷ್ಟು ಮಣ್ಣನ್ನು ಉಂಡೆಮಾಡಿ ಕೈಗಿಡುತ್ತಿದ್ದರು. ಬಂದವರು ಅದನ್ನು ಕಣ್ಣಿಗೊತ್ತಿಕೊಳ್ಳುತ್ತಿದ್ದರು. ನೀಲಕ್ಕನಿಗೆ ಈ ಸಂದಣಿ ಹಿಡಿಸಲಿಲ್ಲ, ಆದರೂ ಬಂದವರನ್ನು ಬೇಡವೆನ್ನಲೂ ಆಗಲಿಲ್ಲ. ಗೇಟಿನ ಬಳಿ ನಿಂತು ಬಂದವರನ್ನು ಸಾಲಾಗಿ ಕರೆತರುವ ಕೆಲಸವನ್ನು ನನಗೆ ವಹಿಸಿದರು.

ನಾನು ಆ ವೇಳೆಗೆ ತೀರ್ಮಾನಿಸಿಯಾಗಿತ್ತು. ಬರುವ ಹುಣ್ಣಿಮೆಗೆ ಮೌನಿಗಳ ಎದುರಿನಲ್ಲಿ ನಾನೂ ಮಾತು ಬಿಡುವುದು. ಎಷ್ಟು ಕಾಲವೆಂದು ಯೋಚಿಸಿರಲಿಲ್ಲ. ಯೋಚಿಸದಿರುವುದೇ ದೊಡ್ಡದೆಂದು ಭಾವಿಸಿದ್ದೆ. ಆ ದಿನಗಳಲ್ಲೇ, ಬಾವಿಕಟ್ಟೆಯ ಹಿಂದಿನಿಂದ ನಾನು ಆ ದನಿಯನ್ನು ಕೇಳಿದ್ದು.

ಮರುದಿನ ತಡೆಯಲಾರದೆ ಅವರಿಗಿಂತ ಮೊದಲೇ ಅಂಗಳಕ್ಕೆ ಹೋಗಿ ನಿಂತೆ. ಅವರು ಬಂದರು. ನನ್ನನ್ನು ಕಂಡು ಹಿಂಜರಿದರು. ನಾನು ನಿಯಮ ಮರೆತು, "ನಿನ್ನೆ ನೀವು ಮಾತಾಡಿದಿರಾ?" ಎಂದು ಕೇಳಿಬಿಟ್ಟೆ. "ನಾನು ಕೇಳಿಸಿಕೊಂಡೆ. ಇದರೊಳಗೆ."

ಅವರ ಮುಖ ಬಿಳಿಚಿತು. ಸುತ್ತ ನೋಡಿದರು. ಆಮೇಲೆ ನನಗೆ, ಅವರ ಮಗನ ವಯಸ್ಸಿನ ನನಗೆ, ಎರಡೂ ಕೈ ಜೋಡಿಸಿದರು. ಕಣ್ಣುಗಳು ಒದ್ದೆಯಾಗಿದ್ದವು. ನಾನು ಗಾಬರಿಯಿಂದ ಅವರ ಕಾಲು ಮುಟ್ಟಿ ಓಡಿಬಂದೆ. ಇಡೀ ದಿನ ಆ ಕೈಜೋಡಿಕೆಗೆ ಅರ್ಥ ಹುಡುಕಿದೆ. ಮಾತು, ಮೌನ ಎರಡಕ್ಕೂ ಸಮನಾಗಿ ನಮಸ್ಕರಿಸು ಎಂದು ಅವರು ನನಗೆ ಹೇಳಿದರೆಂದು ಸಂಜೆಯ ಹೊತ್ತಿಗೆ ಕಂಡುಕೊಂಡೆ. ಓದಿದವನಿಗೆ ಅರ್ಥ ಸಿಕ್ಕದೆ ಇರುವುದಿಲ್ಲ.

ಸಂಜೀವಮ್ಮ ಎಂಬಾಕೆ ಬಂದದ್ದು ಸಂಕ್ರಾಂತಿ ಕಳೆದ ವಾರ. ದೂರದಿಂದ ಬಂದಿದ್ದಳು, ಬಸ್ಸಿಳಿದು ಏರಿಯ ಮೇಲೆ ನಡೆದು ಬಂದ ಧೂಳು ಮೊಣಕಾಲಿನವರೆಗೂ ಇತ್ತು. ಕಂಕುಳಲ್ಲಿ ಬುತ್ತಿಯ ಗಂಟು. ಗೇಟಿನ ಬಳಿಯ ಕಲ್ಲಿನ ಮೇಲೆ ಕೂತು ಉಸಿರು ತಿರುಗಿಸಿಕೊಳ್ಳುತ್ತಲೇ ಮಾತು ಶುರುಮಾಡಿದಳು. ಒಳಗೆ ಮೌನದ ಹೊತ್ತು ನಡೆಯುತ್ತಿತ್ತು. ನಾನು ಬಾಯಿಯ ಮೇಲೆ ಬೆರಳಿಟ್ಟು ತೋರಿಸಿದೆ.

"ಯಾಕಪ್ಪಾ, ಹಲ್ಲು ನೋವಾ?" ಎಂದಳು.

ನನಗೆ ನಗು ಬಂತು. ಅವಳನ್ನು ಹುಣಿಸೆಮರದ ಆಚೆಗೆ ಕರೆದೊಯ್ದು, ಒಳಗಿನ ಪದ್ಧತಿಯನ್ನು ಪಿಸುದನಿಯಲ್ಲಿ ವಿವರಿಸಿದೆ.

"ಬೆಳಗ್ಗಿಂದ ಯಾರೂ ಮಾತಾಡಲ್ವಾ? ಜಗಳಾನೂ ಆಡಲ್ವಾ? ಅಯ್ಯೋ ಶಿವನೆ, ಅದೆಂಥ ಬಾಳಪ್ಪಾ!" ಎಂದು ನಕ್ಕಳು. ನಗು ಅರ್ಧಕ್ಕೇ ನಿಂತಿತು. "ನಮ್ಮನೇನೂ ಈಗ ಹಂಗೇ ಆಗ್ಬಿಟ್ಟೈತೆ ಮಗಾ. ಸ್ವಾಮೇರನ್ನ ಅದ್ನೇ ಕೇಳ್ಕಂಡು ಹೋಗಾನ ಅಂತ ಬಂದೆ. ನಮ್ಮನೆಯವ್ರು ಮನೆ ಬಿಟ್ಟು ಹೋಗವ್ರೆ. ಎಲ್ಲವ್ರೆ, ಬತ್ತಾರಾ ಇಲ್ವಾ, ಅಷ್ಟು ತಿಳುದ್ರೆ ಸಾಕು."

"ಅವರು ಮಾತಾಡಲ್ಲಮ್ಮ."

"ತಲೆ ಆಡ್ಸುದ್ರೂ ಆಯ್ತದೆ."

ಸಾಲಿನಲ್ಲಿ ಇನ್ನೂ ಜನರಿದ್ದರು. ನಾವು ಮರದ ಕೆಳಗೆ ಕೂತೆವು. ಅವಳು ಹೇಳುತ್ತ ಹೋದಳು. ಗಂಡ ಹರಿಕತೆ ಮಾಡುವವರು. ರಂಗದಾಸರು ಎಂದರೆ ಅವರ ಸೀಮೆಯಲ್ಲಿ ತಿಳಿಯದವರಿಲ್ಲ. ಕತೆಗೆ ನಿಂತರೆ ಮೈಕು ಬೇಡ. ಊರಾಚೆ ಕಟ್ಟಿದ ದನಗಳೂ ಕಿವಿ ನಿಮಿರಿಸುತ್ತಿದ್ದವು. ಮನೆಯಲ್ಲೂ ಹಾಗೆಯೇ, ಬಾಯಿಗೆ ಬಿಡುವಿಲ್ಲ. ಉಣ್ಣುವಾಗಲೂ ಕತೆ, ಸ್ನಾನಕ್ಕೆ ನೀರು ತೋಡುವಾಗಲೂ ಪದ. "ನಾನು ರೇಗ್ತಿದ್ದೆ. ಒಂದ್ ಗಳಿಗೆ ಸುಮ್ನೆ ಇರ್ಬಾರ್ದಾ ನೀವು ಅಂತಿದ್ದೆ. ಅದು ಯಾವ ದೇವರ ಕಿವಿಗೆ ಬಿತ್ತೋ," ಎಂದಳು.

ಗಂಟಲಿನಲ್ಲಿ ಗಂಟು ಕಂಡಿತು. ದೊಡ್ಡ ಆಸ್ಪತ್ರೆಯಲ್ಲಿ ಕುತ್ತಿಗೆ ಕೊಯ್ದು ತೆಗೆದರು. ಜೀವ ಉಳಿಯಿತು, ದನಿ ಹೋಯಿತು. ಸುಮ್ಮನಿದ್ದರೆ ಮರಳಿ ಬಂದರೂ ಬಂದೀತು ಎಂದರಂತೆ. ದಾಸರು ಕಾದರು. ದನಿ ಬರಲಿಲ್ಲ, ಬಂದವರು ನೆಂಟರು, ಕತೆ ಕೇಳಿದವರು, ದಾರಿಹೋಕರು. "ಬಂದೋರೆಲ್ಲ ಅಯ್ಯೋ ಪಾಪ, ಅಯ್ಯೋ ಪಾಪ. ಒಂದಿನ ಪಕ್ಕದೂರಿನೋರು ಬಂದು ಇವ್ರ ಮುಂದೇನೆ, ಈ ಸಲದ ಕತೆಗೆ ಬೇರೆ ಯಾರನ್ನ ಕರೆಯಾನ ದಾಸರೇ, ನೀವೇ ಒಬ್ರನ್ನ ತೋರ್ಸಿ ಅಂದ್ರು. ಇವ್ರು ಒಳಗೆ ಹೋಗಿ ತಾಳ ಹಾಕೋ ಚಿಪ್ಳಿ ತಂದು ಅವ್ರ ಕೈಗೆ ಕೊಟ್ಬುಟ್ರು. ಅವತ್ತು ಉಣ್ಲಿಲ್ಲ. ಉಣ್ಣಿ ಅಂತ ತಟ್ಟೆ ಮುಂದೆ ಕೂತು ನಾನೂ..." ಅವಳು ಸೆರಗಿನಿಂದ ಮೂಗೊರೆಸಿಕೊಂಡಳು. "ನನ್ ಬಾಯಲ್ಲೂ ಅದೇ ಬಂತು ಕಣಪ್ಪಾ. ಅಯ್ಯೋ ಪಾಪ ಅಂದ್ಬುಟ್ಟೆ. ನನ್ನ ಒಂದ್ಸಲ ನೋಡುದ್ರು. ಬೆಳಗ್ಗೆ ಎದ್ದು ನೋಡ್ತೀನಿ, ಇಲ್ಲ."

ಮೌನದ ಹೊತ್ತು ಮುಗಿದಿರಲಿಲ್ಲ. ಚಪ್ಪರದ ಕಡೆಯಿಂದ ಮಣ್ಣು ಬಡಿಯುವ ಲಯ ಕೇಳಿಬರುತ್ತಿತ್ತು. ಸಂಜೀವಮ್ಮನ ಬೆರಳುಗಳು ಬುತ್ತಿಯ ಗಂಟಿನ ಮೇಲೆ, ಅವಳಿಗೆ ಗೊತ್ತಿಲ್ಲದೆ, ಅದೇ ಲಯವನ್ನು ಹಿಡಿದಿದ್ದವು.

"ಹೋಗುವಾಗ ಏನು ಹಾಕಿಕೊಂಡಿದ್ದರು?" ಎಂದು ಕೇಳಿದೆ.

"ಪಂಚೆ, ಜುಬ್ಬ. ಕುತ್ತಿಗೆ ಕೊಯ್ದ ಗಾಯ ಕಾಣ್ಬಾರ್ದು ಅಂತ ಸಂತೇಲಿ ನಾನೇ ಒಂದು ಮಫ್ಲರ್ ತಂದ್ಕೊಟ್ಟಿದ್ದೆ. ಹಸಿರುದು."

ನಾನು ಅವಳ ಮುಖ ನೋಡಲಾರದೆ ನೆಲ ನೋಡಿದೆ. ಆ ಬೆಳಗಿನ ಒಣ ಸದ್ದು, ಬಿಳಿಚಿದ ಮುಖ, ಜೋಡಿಸಿದ ಕೈಗಳು, ಎಲ್ಲವೂ ತಮ್ಮ ತಮ್ಮ ಜಾಗಕ್ಕೆ ಬಂದು ಕೂತವು. ಕೊಪ್ಪರಿಗೆ ಸಣ್ಣ ದನಿಯನ್ನೂ ದೊಡ್ಡದು ಮಾಡಿ ಕೊಡುತ್ತದೆ. ಅವರು ದಿನವೂ ಅದರೊಳಗೆ ಬಾಗಿ, ತಮ್ಮ ದನಿ ಬಂದಿದೆಯೇ ಎಂದು ನೋಡುತ್ತಿದ್ದರು. ನಾವು ಅವರ ಹಿಂದೆ ಸಾಲಾಗಿ ನಿಂತು, ಬಾಗಿ, ಶೂನ್ಯ ಕಾಣುತ್ತಿದ್ದೆವು.

ಹೇಳಬೇಕೆ? ಹೇಳಿದರೆ ಇವಳು ಕೂಗಿಕೊಂಡು ಓಡುತ್ತಾಳೆ. ಅಷ್ಟೂ ಜನರ ಎದುರಿನಲ್ಲಿ ಮೌನಿಗಳು ಮತ್ತೆ ಅಯ್ಯೋ ಪಾಪದ ರಂಗದಾಸರಾಗುತ್ತಾರೆ. ಹೇಳದಿದ್ದರೆ ಇವಳನ್ನು ಈ ಧೂಳಿನ ಕಾಲಲ್ಲಿ ಹಾಗೆಯೇ ತಿರುಗಿ ಕಳಿಸುವುದೆ? ನಾನು ಏನೂ ಹೇಳದೆ ಎದ್ದು, ಬನ್ನಿ ಎಂದು ಸನ್ನೆಮಾಡಿದೆ.

ಅಂಗಳದ ಮೂಲೆ ತಿರುಗಿದೊಡನೆ ಅವಳು ನಿಂತಳು. ಚಪ್ಪರದಲ್ಲಿ ಅವರು ನಮಗೆ ಬೆನ್ನುಮಾಡಿ ಕೂತು ಮಣ್ಣು ಬಡಿಯುತ್ತಿದ್ದರು. ಬರೀ ಬೆನ್ನು, ತೋಳು. ಅವಳ ಕೈ ನನ್ನ ಮಣಿಕಟ್ಟನ್ನು ಹಿಡಿಯಿತು. ಕೂಗುತ್ತಾಳೆಂದು ಹೆದರಿದೆ. ಅವಳು ಕೂಗಲಿಲ್ಲ. ಅವರೆದುರು ಕೂತಿದ್ದ ಜನರನ್ನು, ಅವರ ಬಾಳೆಹಣ್ಣುಗಳನ್ನು, ಮಗುವೊಂದನ್ನು ಮೌನಿಗಳ ಪಾದದ ಬಳಿ ಮಲಗಿಸಿ ಕೈಮುಗಿದಿದ್ದ ಬಾಣಂತಿಯನ್ನು ನೋಡಿದಳು. ಬಹಳ ಹೊತ್ತು ನೋಡಿದಳು.

"ಇಲ್ಲಿ ಇವ್ರನ್ನ ಏನಂತ ಕರೀತೀರಿ?" ಪಿಸುಗುಟ್ಟಿದಳು.

"ಮೌನಿಗಳು ಅಂತ."

"ಯಾರಾದ್ರೂ ಪಾಪ ಅಂತಾರಾ?"

"ಇಲ್ಲಮ್ಮ."

"ಊಟ?"

"ಸರಿಯಾಗಿ ಮಾಡ್ತಾರೆ."

ಅವಳು ನನ್ನ ಕೈ ಬಿಟ್ಟಳು. ಬಾವಿಯ ಬಳಿ ಹೋಗಿ ಕಾಲು ತೊಳೆದಳು, ಮುಖ ತೊಳೆದಳು, ಚದರಿದ ಕೂದಲನ್ನು ಅಂಗೈಯಿಂದ ಒತ್ತಿ ಸರಿಮಾಡಿಕೊಂಡಳು. ಮೆಲ್ಲನೆ ಹೋಗಿ ಸಾಲಿನ ಕೊನೆಯಲ್ಲಿ, ಎಲ್ಲರಂತೆ, ಕೂತಳು.

ಅವಳ ಸರದಿ ಬಂದಾಗ ಮೌನಿಗಳು ತಲೆ ತಗ್ಗಿಸಿಕೊಂಡೇ ಮಣ್ಣಿನ ಉಂಡೆ ಕಟ್ಟುತ್ತಿದ್ದರು. ಅವಳ ಕಾಲುಂಗುರ ಕಂಡಿರಬೇಕು. ಕೈ ಹಾಗೆಯೇ ನಿಂತಿತು. ಲಯ ನಿಂತದ್ದಕ್ಕೆ ಮಗ್ಗದವರು ತಿರುಗಿ ನೋಡಿದರು. ಕಿಟಕಿಯಲ್ಲಿ ನೀಲಕ್ಕನ ಮುಖ ಕಾಣಿಸಿತು. ಮೌನಿಗಳು ಕಣ್ಣೆತ್ತಲಿಲ್ಲ.

ಸಂಜೀವಮ್ಮ ನೆಲಕ್ಕೆ ಹಣೆಹಚ್ಚಿ ನಮಸ್ಕರಿಸಿದಳು. ಆಮೇಲೆ ಮೌನದ ಹೊತ್ತಿನಲ್ಲೂ ಕೇಳಿಸುವಂತೆ, ಆದರೆ ಅಂಗಳ ಕಲಕದಂತೆ, ಹೇಳಿದಳು:

"ಸ್ವಾಮೇರೆ, ದೂರದಿಂದ ಬಂದಿವ್ನಿ. ನಮ್ಮನೆಯವ್ರು ಮನೆ ಬಿಟ್ಟು ಹೋಗವ್ರೆ. ಅವ್ರು ಎಲ್ಲೇ ಇದ್ರೂ ತಮ್ಗೆ ಗೊತ್ತಿರ್ತದೆ. ಒಂದ್ ಮಾತು ಮುಟ್ಟುಸ್ಬೇಕು. ಕತೆ ಮಾಡಾಕಲ್ಲ, ಹಾಡಾಕಲ್ಲ, ಉಣ್ಣಾಕೆ ಬರ್ಬೇಕಂತೆ ಅಂತ ಹೇಳಿ. ಒಬ್ಳೇ ಉಂಡ್ರೆ ಮುದ್ದೆ ಗಂಟಲಲ್ಲಿ ಇಳೀತಿಲ್ಲ. ಅವ್ರು ಮಾತಾಡಾದೇನೂ ಬ್ಯಾಡ. ಇಷ್ಟ್ ವರ್ಷ ಅವ್ರು ಹೇಳವ್ರೆ, ನಾನು ಕೇಳಿವ್ನಿ. ಇನ್ಮ್ಯಾಕೆ ನಾನು ಹೇಳ್ತೀನಿ. ಬತ್ತಾರಾ ಸ್ವಾಮಿ?"

ಚೌಡಮ್ಮ ಸೌಟು ಹಿಡಿದು ಅಡುಗೆಮನೆಯ ಹೊಸ್ತಿಲಿಗೆ ಬಂದು ನಿಂತಿದ್ದಳು. ಮೌನಿಗಳು ಉಂಡೆಯನ್ನು ಕೆಳಗಿಟ್ಟರು. ಮೊಣಕಾಲಿನ ಮೇಲೆ ಕೈಯೂರಿ ಎದ್ದರು. ಅಂಗಳವನ್ನು ದಾಟಿ ಕೊಪ್ಪರಿಗೆಯ ಬಳಿ ಹೋಗಿ, ಬಂದಾಗಿನಿಂದ ಎಂದೂ ಮುಟ್ಟದಿದ್ದ ಕೊಡತಿಯನ್ನು ಎತ್ತಿಕೊಂಡರು. ನಮ್ಮೆಲ್ಲರನ್ನೂ ಒಮ್ಮೆ ನೋಡಿದರು. ಬಡಿದರು.

ನಿಯಮ ಎಲ್ಲರಿಗೂ ಗೊತ್ತಿತ್ತು. ಕೈಯ ಕೆಲಸ ಬಿಟ್ಟು ಬಂದು ಸುತ್ತ ನಿಂತೆವು. ಲೋಹದ ನಾದ ನಿಧಾನವಾಗಿ ಅಡಗಿತು. ಅವರು ಅಂಚು ಹಿಡಿದು ಬಾಗಿದರು. ಭುಜಗಳು ಬಿಗಿದುಕೊಂಡವು. ಮೊದಲು ಬರೀ ಗಾಳಿ ಬಂತು. ಆಮೇಲೆ ಆ ತೊಗಟೆಯ ಸದ್ದು. ಅದು ಮುರಿಯಿತು, ಮತ್ತೆ ಸೇರಿಕೊಂಡಿತು, ಕೊಪ್ಪರಿಗೆಯ ಹೊಟ್ಟೆಯೊಳಗೆ ಸುತ್ತಿ ಸುತ್ತಿ ಮೇಲೆ ಬಂತು.

"ಬತ್ತಾನೆ."

ಬಾಣಂತಿ ಅಳತೊಡಗಿದಳು. ಯಾರೋ ಗೋವಿಂದಾ ಎಂದರು. ನೀಲಕ್ಕ ಕಣ್ಣುಮುಚ್ಚಿ ನಿಂತಿದ್ದರು. ಸಂಜೀವಮ್ಮ ಎಲ್ಲರಿಗಿಂತ ಹಿಂದೆ ಇದ್ದಳು. ಸೆರಗಿನಲ್ಲಿ ಮುಖ ಒರೆಸಿಕೊಂಡು, ಸಂತೆಯಲ್ಲಿ ಕೂಗುವಂಥ ಸಹಜವಾದ ದನಿಯಲ್ಲಿ, "ಸ್ವಾಮೇರ ಗಂಟಲು ಒಣಗೈತೆ. ನೋಡ್ಕಂಡು ನಿಂತಿದೀರಲ್ಲ, ಯಾರಾದ್ರೂ ಒಂದ್ ಲೋಟ ನೀರು ಕೊಡ್ರಪ್ಪಾ!" ಎಂದಳು. ಯಾರೂ ಕದಲದಿದ್ದಾಗ ತಾನೇ ಬಾವಿಗೆ ಹೋಗಿ, ಚೌಡಮ್ಮನ ಹಿತ್ತಾಳೆಯ ಲೋಟ ತುಂಬಿ ತಂದು ಕೊಪ್ಪರಿಗೆಯ ಅಂಚಿನ ಮೇಲಿಟ್ಟಳು. ಕೈಗೆ ಕೊಡಲಿಲ್ಲ. ಹಿಂದೆ ಸರಿದು ಕೈಮುಗಿದಳು.

ಅವಳು ಮಧ್ಯಾಹ್ನವೇ ಹೊರಟಳು. ಬುತ್ತಿಯನ್ನು ಬಿಚ್ಚಿ, ರೊಟ್ಟಿ ಮತ್ತು ಹುಚ್ಚೆಳ್ಳಿನ ಚಟ್ನಿಯನ್ನು "ಸ್ವಾಮೇರಿಗೆ" ಎಂದು ನನ್ನ ಕೈಗೆ ಕೊಟ್ಟಳು. ಗೇಟಿನವರೆಗೂ ಬಂದ ನನ್ನ ಕೆನ್ನೆಯನ್ನು ತಟ್ಟಿ, "ನಿಂಗೂ ಮನೇಲಿ ಅಮ್ಮ ಅವ್ಳಾ?" ಎಂದಳು. ಇದ್ದಾಳೆ ಎಂದೆ. ಅವಳು ಬೇರೇನೂ ಕೇಳಲಿಲ್ಲ.

ಮರುದಿನ ಬೆಳಗ್ಗೆ ಮೌನಿಗಳು ನೀಲಕ್ಕನಿಗೆ ಕೈಮುಗಿದು ಚೀಲ ಹೆಗಲಿಗೇರಿಸಿದರು. ಎಲ್ಲಿಗೆಂದು ನೀಲಕ್ಕ ಕೇಳಲಿಲ್ಲ. ಕೇಳುವ ಪದ್ಧತಿ ಅಲ್ಲಿರಲಿಲ್ಲ. ನನ್ನ ಎದುರು ಬಂದಾಗ ಅವರು ನಿಂತು, ನನ್ನ ಬೆನ್ನಿನ ಮೇಲೆ ಅಂಗೈಯಿಂದ ಒಂದು ಸಣ್ಣ ತಾಳ ಹಾಕಿದರು, ಕತೆ ಶುರುಮಾಡುವ ಮುನ್ನ ಹಾಕುವಂಥದು. ನಾನು ಏರಿಯ ಮೇಲೆ ಹತ್ತಿ ನೋಡಿದೆ. ದೂರದಲ್ಲಿ, ಏರಿ ಮುಗಿಯುವಲ್ಲಿನ ಅರಳಿಕಟ್ಟೆಯಿಂದ ಒಬ್ಬ ಹೆಂಗಸು ಎದ್ದು ಬಂದಳು. ಹೊರಟೇ ಹೋದಳೆಂದು ನಾನು ತಿಳಿದಿದ್ದವಳು ಅಲ್ಲೇ ಊರಲ್ಲಿ ಎಲ್ಲೋ ಉಳಿದು ಕಾದಿದ್ದಳು. ಇಬ್ಬರೂ ನಡೆಯತೊಡಗಿದರು. ಅವಳ ಕೈಗಳು ಗಾಳಿಯಲ್ಲಿ ಆಡುತ್ತಿದ್ದವು, ಅವಳು ಏನನ್ನೋ ಬಿಡದೆ ಹೇಳುತ್ತಿದ್ದಳು. ಅವರು ಪಕ್ಕದಲ್ಲಿ ತಲೆ ಓರೆಮಾಡಿ, ಕೇಳುತ್ತ ನಡೆಯುತ್ತಿದ್ದರು.

ಹುಣ್ಣಿಮೆ ಬಂದು ಹೋಯಿತು. ನಾನು ವ್ರತ ಹಿಡಿಯಲಿಲ್ಲ. ಒಂದು ಬೆಳಗ್ಗೆ ಕೊಡತಿ ಎತ್ತಿ ಕೊಪ್ಪರಿಗೆ ಬಡಿದು, "ನಾನು ಊಟಕ್ಕೆ ಮನೆಗೆ ಹೋಗ್ತೀನಿ," ಎಂದೆ. ಎಲ್ಲರೂ ನಕ್ಕರು. ಶ್ರೀಪತಿ, "ಹಣ್ಣಾಯ್ತು ಬಿಡಿ," ಎಂದ. ಅಮ್ಮ ಬಾಗಿಲು ತೆಗೆದಾಗ ನಾನು ಅದನ್ನೇ ಹೇಳಿದೆ, ಹಸಿವಾಗಿದೆ ಎಂದು.

ಎಷ್ಟೋ ವರ್ಷಗಳ ಮೇಲೆ ಮತ್ತೆ ಅಲ್ಲಿಗೆ ಹೋದೆ. ನಾನು ಮೇಷ್ಟರ ಕೆಲಸಕ್ಕೆ ಸೇರಿ, ಮಾತಿನಿಂದಲೇ ಬದುಕುವವನಾಗಿದ್ದೆ. ನೀಲಕ್ಕನ ಕೂದಲು ಪೂರ್ತಿ ಬಿಳಿಯಾಗಿತ್ತು. ಚೌಡಮ್ಮ ಇರಲಿಲ್ಲ. ಅಂಗಳದಲ್ಲಿ ಹೊಸಬರು ಸಾಲಾಗಿ ನಿಂತು ಒಬ್ಬೊಬ್ಬರಾಗಿ ಕೊಪ್ಪರಿಗೆಗೆ ತಲೆ ಬಾಗಿಸುತ್ತಿದ್ದರು. ಗೋಡೆಯ ಬಳಿ ಒಬ್ಬಳು ಇನ್ನೊಬ್ಬಳಿಗೆ, ಮಾತು ಬಿಟ್ಟ ಮಹಾನುಭಾವರೊಬ್ಬರು ದುಃಖಿ ಹೆಂಗಸಿಗಾಗಿ ತಮ್ಮ ವ್ರತವನ್ನು ಈ ಕೊಪ್ಪರಿಗೆಗೆ ಅರ್ಪಿಸಿದ ಕತೆಯನ್ನು ಹೇಳಿಕೊಡುತ್ತಿದ್ದಳು. ಕತೆ ಚೆನ್ನಾಗಿ ಬೆಳೆದಿತ್ತು. ರಂಗದಾಸರು ಕೇಳಿದ್ದರೆ ಮೆಚ್ಚುತ್ತಿದ್ದರೇನೋ.

ನೀಲಕ್ಕ ನನ್ನನ್ನು ತಮ್ಮ ಕೋಣೆಗೆ ಕರೆದೊಯ್ದರು. ಆ ಹಳೆಯ ಚಿತ್ರ ಗೋಡೆಯ ಮೇಲಿತ್ತು. ಕಪ್ಪು ಕೊಪ್ಪರಿಗೆ, ಮುಖ ಮುಳುಗಿಸಿ ಬಾಗಿದ ಮನುಷ್ಯ, ಕುತ್ತಿಗೆಯಲ್ಲಿ ಒಂದಿಷ್ಟು ಹಸಿರು. ನಾನಿದ್ದಾಗ ಅಷ್ಟೇ ಇತ್ತು. ಈಗ ಕೊಪ್ಪರಿಗೆಯ ಅಂಚಿನ ಮೇಲೆ ಒಂದು ಹಿತ್ತಾಳೆಯ ಲೋಟವಿತ್ತು. ತುಂಬಿದ ನೀರಿನ ಮೇಲೆ ಬೆಳಗಿನ ಬೆಳಕು ಒಂದು ಗೆರೆಯಾಗಿ ನಿಂತಿತ್ತು. ಇಡೀ ಚಿತ್ರದಲ್ಲಿ ಬೆಳಕಿದ್ದದ್ದು ಅಲ್ಲಿ ಮಾತ್ರ.

"ಆವತ್ತು ಆಕೆಯನ್ನ ಕರ್ಕೊಂಡು ಬಂದಿದ್ದು ನೀನೇ ಅಲ್ವೇ?" ಎಂದರು ನೀಲಕ್ಕ. "ಮರದ ಕೆಳಗೆ ಬಹಳ ಹೊತ್ತು ಕೂತಿದ್ರಿ. ಏನು ಹೇಳ್ತಿದ್ಲು?"

"ನಡೆದು ಬಂದ ದಾರಿ ತುಂಬಾ ಧೂಳು ಅಂದ್ಲು," ಎಂದೆ.

ನೀಲಕ್ಕ ನನ್ನನ್ನು ನೋಡಿದರು, ಚಿತ್ರವನ್ನು ನೋಡಿದರು, ಸಣ್ಣಗೆ ನಕ್ಕರು. ಹೊರಗೆ ಯಾರೋ ಕೊಪ್ಪರಿಗೆ ಬಡಿದರು. ಆ ನಾದ ಕೋಣೆಗೆ ಬಂದು, ಅಡಗುವವರೆಗೂ ನಮ್ಮಿಬ್ಬರ ನಡುವೆ ಇತ್ತು.

ಆ ಲೋಟ ತಂದಿಟ್ಟ ಹೆಂಗಸು ಮೌನಿಗಳಿಗೆ ಏನಾಗಬೇಕೆಂದು ನೀಲಕ್ಕ ಕೇಳಲಿಲ್ಲ. ಅವರು ಆಕೆಯ ಗಂಡನೆಂದು ನಾನು ಹೇಳಲಿಲ್ಲ.